ಫಾರ್ಮ್ಯಾಟ್ ಮಾಡದೆ ಹಳೆ ಡಿಸ್ಕನ್ನು ಬೇರೆ ಕಂಪ್ಯೂಟರ್‌ನಲ್ಲಿ ಎಬ್ಬಿಸಿದ್ದು

"ಏನಾದ್ರೂ ಮಾಡಿ ಸಾರ್, ಫಾರ್ಮ್ಯಾಟ್ ಮಾತ್ರ ಬೇಡ." ಕಂಪ್ಯೂಟರ್ ರಿಪೇರಿ ಮಾಡುವವರು ಪದೇ ಪದೇ ಕೇಳುವ ಮಾತು ಇದು. ಈ ಸಲ ಹೇಳಿದವರು ಡಿಟಿಪಿ ಅಂಗಡಿಯವರು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು ಮಾಡಿಕೊಡುತ್ತಾರೆ. ಅವರ ಹಳೆ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಹೋಗಿತ್ತು. ಡಿಸ್ಕ್ ಮಾತ್ರ ಉಳಿದಿತ್ತು. ಅದರಲ್ಲಿ ಪುಟ ವಿನ್ಯಾಸದ ಪೇಜ್‌ಮೇಕರ್ 7, ಕನ್ನಡ ಟೈಪಿಂಗಿನ ನುಡಿ, ಎಲ್ಲೆಲ್ಲಿಂದಲೋ ಕೂಡಿಹಾಕಿದ ಫಾಂಟ್‌ಗಳು. ಹಳೆ ನುಡಿ ಫಾಂಟ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಆ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಅದರ ಸಿಡಿ ಈಗ ಯಾರ ಹತ್ತಿರ ಇದೆ? ಹಾಗಾಗಿ ಹೊಸ ವಿಂಡೋಸ್ ಹಾಕಿ ಎಲ್ಲವನ್ನೂ ಮತ್ತೆ ಜೋಡಿಸುವುದಕ್ಕಿಂತ, ಇದ್ದ ವಿಂಡೋಸನ್ನೇ ಬೇರೆ ಯಂತ್ರದಲ್ಲಿ ಎಬ್ಬಿಸುವುದು ವಾಸಿ ಅನ್ನಿಸಿತು.

ಅವರು ತಂದಿಟ್ಟಿದ್ದು ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್. ಹಳೆ ಡಿಸ್ಕನ್ನು ಅದರ ಸಾಟಾ ಕೇಬಲ್‌ಗೆ ಸಿಕ್ಕಿಸಿ ಆನ್ ಮಾಡಿದೆ. "ನೋ ಬೂಟಬಲ್ ಡಿವೈಸಸ್ ಫೌಂಡ್" ಅಂತ ಬಂತು.

ಈ ಸಾಲು ಕಂಡ ಕೂಡಲೇ ಡಿಸ್ಕ್ ಸತ್ತಿದೆ ಅಂತ ತೀರ್ಮಾನ ಮಾಡುವವರು ಜಾಸ್ತಿ. ನಾನು ಮೊದಲು ನೋಡುವುದು ಬಯೋಸ್, ಅಂದರೆ ವಿಂಡೋಸ್‌ಗಿಂತ ಮೊದಲು ಬರುವ ಮದರ್‌ಬೋರ್ಡಿನ ಸೆಟ್ಟಿಂಗ್ ತೆರೆ. ಅಲ್ಲಿ ಡಿಸ್ಕಿನ ಮಾಡೆಲ್ ನಂಬರ್, ಸೈಜ್ ಎರಡೂ ಸರಿಯಾಗಿ ಕಂಡರೆ ಕೇಬಲ್, ಪವರ್, ಡಿಸ್ಕಿನ ಬೋರ್ಡ್ ಇವೆಲ್ಲ ಸರಿ ಇವೆ ಅಂತ ಅರ್ಥ. ಕಾಣದಿದ್ದರೆ ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ ನೋಡಬೇಕು. ಇಲ್ಲಿ ಎರಡೂ ಕಂಡವು. ಅಂದರೆ ಯಂತ್ರಕ್ಕೆ ಡಿಸ್ಕ್ ಕಾಣುತ್ತಿದೆ, ಅದರಿಂದ ಹೇಗೆ ಶುರು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ. ಡಿಸ್ಕ್ ಸತ್ತಿರುವುದೇ ಬೇರೆ, ಇದೇ ಬೇರೆ.

ಮುಂದೆ ಕೈ ಹಾಕುವ ಮೊದಲು ಕಾಪಿ ಆಗಬೇಕು. ಲಿನಕ್ಸ್ ಲೈವ್ ಪೆನ್ ಡ್ರೈವ್‌ನಿಂದ (ಪೆನ್ ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಬೂಟ್ ಮಾಡಿ, ಅಂದರೆ ಯಂತ್ರ ಶುರು ಮಾಡಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ರಿಪೋರ್ಟ್ ತೆಗೆದೆ. ಅದರಲ್ಲಿ ನಾನು ನೋಡುವುದು ಮುಖ್ಯವಾಗಿ ಎರಡು ಸಾಲು: ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಜಾಗ ಪಡೆದವು), ಪೆಂಡಿಂಗ್ ಸೆಕ್ಟರ್ (ಓದಲು ಕಷ್ಟವಾಗಿ ಬಾಕಿ ಉಳಿದವು). ಎರಡೂ ಸೊನ್ನೆ. ಸೊನ್ನೆ ಇಲ್ಲದಿದ್ದರೆ ಡಿಸ್ಕ್ ಕಾಪಿ ಮಾಡುವ ಕ್ಲೋನೆಜಿಲ್ಲಾ ಬಿಟ್ಟು ಡಿಡಿರೆಸ್ಕ್ಯೂ ಹಿಡಿಯುತ್ತಿದ್ದೆ. ಅದು ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ.

ಹೇಗೂ ಕಾಪಿ ಮಾಡುವುದು ತಾನೇ, ಎಸ್‌ಎಸ್‌ಡಿಗೇ ಮಾಡೋಣ ಅಂದೆ. ಹಳೆ ಡಿಸ್ಕ್ 500 ಜಿಬಿ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 480 ಜಿಬಿ ಎಸ್‌ಎಸ್‌ಡಿ. ನೇರ ಕ್ಲೋನ್ (ಇಡೀ ಡಿಸ್ಕಿನ ಯಥಾವತ್ ಕಾಪಿ) ಅದರಲ್ಲಿ ಕೂರುವುದಿಲ್ಲ, ಡಿಸ್ಕಿನ ಡೇಟಾ ಅರ್ಧವೇ ತುಂಬಿದ್ದರೂ ಕೂರುವುದಿಲ್ಲ. 512 ತರಿಸಿದೆ. ಕ್ಲೋನ್ ಮುಗಿದ ಮೇಲೆ ಹಳೆ ಡಿಸ್ಕನ್ನು ಬಿಚ್ಚಿ, ಹೆಸರು ಬರೆದು ಎತ್ತಿಟ್ಟೆ. ಎರಡನ್ನೂ ಒಟ್ಟಿಗೆ ಸಿಕ್ಕಿಸಿ ವಿಂಡೋಸ್ ಬೂಟ್ ಮಾಡಬಾರದು. ಎರಡರ ಡಿಸ್ಕ್ ಸಿಗ್ನೇಚರ್ (ಗುರುತಿನ ಸಂಖ್ಯೆ) ಒಂದೇ ಆಗಿರುತ್ತದೆ, ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ. ಇಲ್ಲಿಂದ ಮುಂದಿನ ಕೆಲಸವೆಲ್ಲ ಕಾಪಿಯ ಮೇಲೆ. ಕೆಟ್ಟರೆ ಇನ್ನೊಂದು ಕಾಪಿ, ಅಷ್ಟೇ.

ಈಗ ಅಸಲು ವಿಷಯ. ಆ ಹಳೆ ಯಂತ್ರದಲ್ಲಿ ಮೊದಲು ವಿಂಡೋಸ್ 7 ಇತ್ತು. ಆಮೇಲೆ ಅದರ ಮೇಲೆಯೇ ಹತ್ತಕ್ಕೆ ಅಪ್‌ಗ್ರೇಡ್ ಆಗಿತ್ತು. ಹಾಗಾಗಿ ಡಿಸ್ಕ್ ಎಂಬಿಆರ್ ಅನ್ನುವ ಹಳೆ ಪಾರ್ಟಿಷನ್ (ಡಿಸ್ಕನ್ನು ಭಾಗ ಮಾಡುವ) ಕ್ರಮದಲ್ಲೇ ಉಳಿದಿತ್ತು. ಎಂಬಿಆರ್‌ನಲ್ಲಿ ಬೂಟ್ ಶುರುವಾಗುವುದು ಡಿಸ್ಕಿನ ಮೊದಲ ಸೆಕ್ಟರ್‌ನಿಂದ, ಬರೀ 512 ಬೈಟ್. ಯುಇಎಫ್ಐ ಯಂತ್ರ, ಅಂದರೆ ಬಯೋಸ್‌ನ ಹೊಸ ರೂಪ ಇರುವ ಯಂತ್ರ, ಆ ಸೆಕ್ಟರ್‌ನ ಕೋಡನ್ನು ಓಡಿಸುವುದೇ ಇಲ್ಲ. ಅದು ಹುಡುಕುವುದು ಇಎಫ್ಐ ಅನ್ನುವ ಸಣ್ಣ ಫ್ಯಾಟ್32 ಪಾರ್ಟಿಷನ್ನು, ಅದರಲ್ಲಿರುವ ಬೂಟ್ ಫೈಲ್. ಹಳೆ ಪದ್ಧತಿ ಬೇಕಾದರೆ ಬಯೋಸ್‌ನಲ್ಲಿ ಲೆಗಸಿ ಅಥವಾ ಸಿಎಸ್‌ಎಂ ಅನ್ನುವ ಆಯ್ಕೆ ಇರಬೇಕು. ಇದ್ದರೆ ಸೆಕ್ಯೂರ್ ಬೂಟ್ (ನಂಬಿಕಸ್ತ ಬೂಟ್ ಫೈಲ್ ಮಾತ್ರ ಒಪ್ಪುವ ಕಾವಲು) ಆಫ್ ಮಾಡಿ, ಲೆಗಸಿ ಆನ್ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಆದರೆ 2020ರ ಹೊತ್ತಿಗೆ ಇದನ್ನು ತೆಗೆದುಹಾಕುತ್ತೇವೆ ಅಂತ ಇಂಟೆಲ್ 2017ರಲ್ಲೇ ಹೇಳಿತ್ತು. ನನ್ನ ಮುಂದಿದ್ದ ಯಂತ್ರದಲ್ಲಿ ಒಳಗಿನ ಡಿಸ್ಕಿಗೆ ಲೆಗಸಿ ಆಯ್ಕೆ ಇರಲಿಲ್ಲ. ಡಿಸ್ಕನ್ನೇ ಜಿಪಿಟಿ ಅನ್ನುವ ಹೊಸ ಪಾರ್ಟಿಷನ್ ಕ್ರಮಕ್ಕೆ ಬದಲಾಯಿಸಬೇಕಾಯಿತು.

ಇದಕ್ಕೆ ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಅನ್ನುವ ಟೂಲ್ ಇದೆ. 2017ರ 1703 ಆವೃತ್ತಿಯಿಂದ ಬಂದಿದೆ. ವಿಂಡೋಸ್ ಇನ್‌ಸ್ಟಾಲ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಜೊತೆ ಎಫ್10 ಒತ್ತಿದರೆ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಮೊದಲು ವ್ಯಾಲಿಡೇಟ್ ಅಂತ ಕೊಟ್ಟು ಕೇಳಬೇಕು. ಇದು ಏನನ್ನೂ ಬದಲಾಯಿಸುವುದಿಲ್ಲ, ಆಗುತ್ತದೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ. ನನಗೆ ಆಗಲ್ಲ ಅಂತ ಹೇಳಿತು: ಡಿಸ್ಕ್ ಲೇಔಟ್ ವ್ಯಾಲಿಡೇಷನ್ ಫೇಲ್.

ಕಾರಣ ಊಹಿಸುವುದು ಕಷ್ಟವಿರಲಿಲ್ಲ. ನಮ್ಮ ಕಡೆ ಅಸೆಂಬಲ್ ಮಾಡಿದ ಯಂತ್ರಗಳಲ್ಲಿ ಸಿ, ಡಿ, ಇ ಅಂತ ಮೂರು ಡ್ರೈವ್ ಮಾಡಿಕೊಡುವುದು ರೂಢಿ, ಅಲ್ವಾ? ಎಂಬಿಆರ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್‌ಗೆ ಜಾಗ. ಅದಕ್ಕೆ ಡಿ ಮತ್ತು ಇ ಸಾಮಾನ್ಯವಾಗಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಒಳಗೆ ಲಾಜಿಕಲ್ ಆಗಿ ಕೂತಿರುತ್ತವೆ. ಎಂಬಿಆರ್2ಜಿಪಿಟಿಗೆ ಎಕ್ಸ್‌ಟೆಂಡೆಡ್ ಇದ್ದರೆ ಆಗುವುದಿಲ್ಲ. ಪ್ರೈಮರಿ ಕೂಡ ಮೂರಕ್ಕಿಂತ ಜಾಸ್ತಿ ಇರಬಾರದು. ವಿಂಡೋಸ್‌ನ ಪಾರ್ಟಿಷನ್ ಟೂಲ್ ಡಿಸ್ಕ್‌ಪಾರ್ಟ್‌ನಲ್ಲಿ ಪಟ್ಟಿ ತೆಗೆದು ನೋಡಿದೆ. ಸಿಸ್ಟಮ್ ರಿಸರ್ವ್ಡ್ 100 ಎಂಬಿ, ಸಿ, ಅಪ್‌ಗ್ರೇಡ್ ಆದಾಗ ಸೇರಿಕೊಂಡ ರಿಕವರಿ ಪಾರ್ಟಿಷನ್, ಆಮೇಲೆ ಒಂದು ಎಕ್ಸ್‌ಟೆಂಡೆಡ್, ಅದರೊಳಗೆ ಎರಡು ಲಾಜಿಕಲ್.

ಮೂಲ ಡಿಸ್ಕ್ ಭದ್ರವಾಗಿ ಕಪಾಟಿನಲ್ಲಿತ್ತು. ಹಾಗಾಗಿ ಧೈರ್ಯವಾಗಿ ಎಸ್‌ಎಸ್‌ಡಿ ಮೇಲಿದ್ದ ಡಿ, ಇ ಮತ್ತು ಎಕ್ಸ್‌ಟೆಂಡೆಡ್ ಅಳಿಸಿದೆ. ಈಗ ಉಳಿದಿದ್ದು ಮೂರು ಪ್ರೈಮರಿ. ಮತ್ತೆ ವ್ಯಾಲಿಡೇಟ್ ಕೊಟ್ಟಾಗ ಒಪ್ಪಿತು. ಕನ್ವರ್ಟ್ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಡೇಟಾವನ್ನು ಅದು ಮುಟ್ಟುವುದಿಲ್ಲ, ಪಾರ್ಟಿಷನ್ ಪಟ್ಟಿಯನ್ನು ಹೊಸ ರೀತಿಯಲ್ಲಿ ಬರೆದು, ಬೂಟ್ ಫೈಲ್‌ಗಳನ್ನು ಇಎಫ್ಐ ಪಾರ್ಟಿಷನ್‌ಗೆ ಹಾಕುತ್ತದೆ. ಕೊನೆಯಲ್ಲಿ ರೀಏಜೆಂಟ್ ಫೈಲ್ (ರಿಕವರಿಯ ಸೆಟ್ಟಿಂಗ್ ಇರುವುದು) ಅಪ್‌ಡೇಟ್ ಆಗಲಿಲ್ಲ ಅಂತ ಒಂದು ಎಚ್ಚರಿಕೆ ಬಂತು. ಅದಕ್ಕೆ ಹೆದರಬೇಕಾಗಿಲ್ಲ. ವಿಂಡೋಸ್ ಎದ್ದ ಮೇಲೆ ರೀಏಜೆಂಟ್‌ಸಿ ಕಮಾಂಡ್‌ನಿಂದ ರಿಕವರಿಯನ್ನು ಒಮ್ಮೆ ಡಿಸೇಬಲ್ ಮಾಡಿ ಎನೇಬಲ್ ಮಾಡಿದರೆ ಸರಿಹೋಗುತ್ತದೆ.

ರೀಸ್ಟಾರ್ಟ್ ಮಾಡಿದೆ. ವಿಂಡೋಸ್ ಲೋಗೋ ಬಂತು, ಚುಕ್ಕಿಗಳು ಸುತ್ತಿದವು, ಆಮೇಲೆ ನೀಲಿ ತೆರೆ: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್.

ನಿಜ ಹೇಳಬೇಕೆಂದರೆ ಇದನ್ನು ನೋಡಿ ಖುಷಿಯಾಯಿತು. ಮೊದಲ ಸಂದೇಶ ಬಂದಿದ್ದು ಮದರ್‌ಬೋರ್ಡ್‌ನಿಂದ, ಇದು ಬಂದಿದ್ದು ವಿಂಡೋಸ್‌ನಿಂದ. ಅಂದರೆ ವಿಂಡೋಸನ್ನು ಎಬ್ಬಿಸುವ ಬೂಟ್‌ಲೋಡರ್ ಸಿಕ್ಕಿದೆ, ವಿಂಡೋಸ್‌ನ ತಿರುಳಾದ ಕರ್ನಲ್ ಮೆಮೊರಿಗೆ ಬಂದಿದೆ. ಆಮೇಲೆ ತನ್ನದೇ ಡ್ರೈವರ್‌ನಿಂದ ಡಿಸ್ಕ್ ಓದಲು ಹೋದಾಗ ಸಿಗಲಿಲ್ಲ, ಅಲ್ಲಿ ನಿಂತಿದೆ. ಇಂಥ ಜಾಗದಲ್ಲಿ ಬೂಟ್‌ರೆಕ್ ಕಮಾಂಡ್‌ಗಳನ್ನು ಒಂದರ ಹಿಂದೆ ಒಂದು ಹೊಡೆಯುತ್ತಾ ಕೂರುವುದು ಸುಮ್ನೆ ಟೈಮ್ ವೇಸ್ಟ್. ಅವು ಬೂಟ್‌ಲೋಡರ್ ಸರಿಮಾಡುವ ಕಮಾಂಡ್‌ಗಳು. ಇಲ್ಲಿ ಬೂಟ್‌ಲೋಡರ್ ತನ್ನ ಕೆಲಸ ಮುಗಿಸಿ ಆಗಿತ್ತು.

ಬಯೋಸ್‌ಗೆ ಹೋಗಿ ಸಾಟಾ ಮೋಡ್ (ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ) ನೋಡಿದೆ. ರೇಡ್ ಆನ್ (ಹಲವು ಡಿಸ್ಕ್ ಸೇರಿಸಿ ಬಳಸುವ ಮೋಡ್) ಅಂತ ಇತ್ತು. ಒಂದೇ ಡಿಸ್ಕ್ ಇರುವ ಆಫೀಸ್ ಯಂತ್ರಗಳೂ ಎಷ್ಟೋ ಸಲ ಫ್ಯಾಕ್ಟರಿಯಿಂದ ಹೀಗೇ ಬರುತ್ತವೆ. ಅದನ್ನು ಒಂಟಿ ಡಿಸ್ಕಿಗೆ ಸಾಮಾನ್ಯವಾದ ಎಎಚ್‌ಸಿಐ ಮೋಡ್ ಮಾಡಿದೆ. ಮತ್ತೆ ಅದೇ ನೀಲಿ ತೆರೆ. ಹಳೆ ಮದರ್‌ಬೋರ್ಡ್‌ನಲ್ಲಿ ಸಾಟಾ ಐಡಿಇ ಅನ್ನುವ ಇನ್ನೂ ಹಳೆ ಮೋಡ್‌ನಲ್ಲಿ ಓಡುತ್ತಿತ್ತು, ಅದೇ ಇದಕ್ಕೆ ಕಾರಣ. ಎಎಚ್‌ಸಿಐ ಡ್ರೈವರ್ ವಿಂಡೋಸ್ ಒಳಗೇ ಇದೆ, ಹೆಸರು ಸ್ಟೋರ್ಎಎಚ್‌ಸಿಐ. ಆದರೆ ಬೇಕಿಲ್ಲದ ಡಿಸ್ಕ್ ಡ್ರೈವರ್‌ಗಳನ್ನು ಬೂಟ್ ಹೊತ್ತಿಗೆ ಎಬ್ಬಿಸಬೇಡ ಅಂತ ವಿಂಡೋಸ್ ತನ್ನ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮನೆಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟ ಹಾಗೆ.

ಬಿಡಿಸಲು ಎರಡು ದಾರಿ. ಒಂದು, ಇನ್‌ಸ್ಟಾಲ್ ಪೆನ್ ಡ್ರೈವ್‌ನಿಂದ ರಿಜಿಸ್ಟ್ರಿ ಎಡಿಟರ್ ತೆರೆದು, ಡಿಸ್ಕಿನಲ್ಲಿರುವ ಸಿಸ್ಟಮ್ ಹೈವ್ (ರಿಜಿಸ್ಟ್ರಿಯ ಒಂದು ಫೈಲ್) ಲೋಡ್ ಮಾಡಿ, ಸ್ಟೋರ್ಎಎಚ್‌ಸಿಐ ಸರ್ವಿಸ್‌ನ ಸ್ಟಾರ್ಟ್ ಬೆಲೆಯನ್ನು 0 (ಬೂಟ್ ಹೊತ್ತಿಗೇ ಎಬ್ಬಿಸು) ಮಾಡುವುದು. ಅದರ ಕೆಳಗೆ ಸ್ಟಾರ್ಟ್‌ಓವರ್‌ರೈಡ್ ಅನ್ನುವ ಕೀ ಇದ್ದರೆ ಅದರಲ್ಲಿರುವ 3 ಅನ್ನೂ 0 ಮಾಡಬೇಕು. ಅದನ್ನು ಬಿಟ್ಟರೆ ಮೊದಲ ಬದಲಾವಣೆಯಿಂದ ಏನೂ ಉಪಯೋಗವಿಲ್ಲ. ಇನ್ನೊಂದು ದಾರಿ ಸುಲಭ. ತೊಂದರೆ ಹುಡುಕಲೆಂದೇ ಇರುವ ಸೇಫ್ ಮೋಡ್‌ನಲ್ಲಿ ವಿಂಡೋಸ್ ಈ ಡ್ರೈವರ್‌ಗಳನ್ನು ಎಬ್ಬಿಸಿ ನೋಡುತ್ತದೆ, ಬೇಕಾದದ್ದನ್ನು ತಾನೇ ಆನ್ ಮಾಡಿಕೊಳ್ಳುತ್ತದೆ. ಬೂಟ್ ಸೆಟ್ಟಿಂಗ್ ಬದಲಿಸುವ ಬಿಸಿಡಿಎಡಿಟ್ ಕಮಾಂಡ್‌ನಿಂದ ಸೇಫ್‌ಬೂಟ್ ಮಿನಿಮಲ್ ಅಂತ ಕೊಟ್ಟು ಒಮ್ಮೆ ಬೂಟ್ ಮಾಡಿದರೆ ಸಾಕು. ನಾನು ಇದನ್ನೇ ಮಾಡಿದೆ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಪಿನ್ ಒಪ್ಪದೇ ಇರಬಹುದು. ಅಕೌಂಟಿನ ಪಾಸ್‌ವರ್ಡ್ ಮೊದಲೇ ಕೇಳಿಟ್ಟುಕೊಂಡರೆ ಒಳ್ಳೆಯದು. ಒಳಗೆ ಹೋದ ಮೇಲೆ ಆ ಸೇಫ್‌ಬೂಟ್ ಸಾಲನ್ನು ಅಳಿಸಬೇಕು, ಇಲ್ಲದಿದ್ದರೆ ಪ್ರತಿ ಸಲ ಸೇಫ್ ಮೋಡ್‌ಗೇ ಹೋಗುತ್ತದೆ.

ಒಂದು ಎಚ್ಚರಿಕೆ. ರಿಕವರಿ ಅಥವಾ ಇನ್‌ಸ್ಟಾಲ್ ಪೆನ್ ಡ್ರೈವ್‌ನಿಂದ ಬಂದಾಗ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು. ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು. ಯಾವ ಕಮಾಂಡ್ ಕೊಡುವ ಮೊದಲೂ ಡಿಐಆರ್ (ಫೋಲ್ಡರ್ ಪಟ್ಟಿ ತೋರಿಸುವ ಕಮಾಂಡ್) ಹೊಡೆದು, ವಿಂಡೋಸ್ ಮತ್ತು ಯೂಸರ್ಸ್ ಫೋಲ್ಡರ್ ಯಾವುದರಲ್ಲಿದೆ ಅಂತ ನೋಡಿಕೊಳ್ಳಿ.

ಸೇಫ್ ಮೋಡ್ ಆದ ಮೇಲಿನ ಬೂಟ್‌ನಲ್ಲಿ "ಗೆಟಿಂಗ್ ಡಿವೈಸಸ್ ರೆಡಿ" ಅಂತ ಶೇಕಡಾ ಲೆಕ್ಕ ಓಡಿ, ಹಳೆ ಡೆಸ್ಕ್‌ಟಾಪ್ ಹಾಗೇ ಬಂತು. ಎಸ್‌ಎಸ್‌ಡಿಯಲ್ಲಿ ಖಾಲಿ ಇದ್ದ ಜಾಗದಲ್ಲಿ ಡಿ, ಇ ಮತ್ತೆ ಮಾಡಿ, ಹಳೆ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್‌ನಲ್ಲಿ ಸಿಕ್ಕಿಸಿ ಫೈಲ್‌ಗಳನ್ನು ತುಂಬಿದೆ. ಜಿಪಿಟಿ ಆದಮೇಲೆ ಎರಡರ ಗುರುತು ಬೇರೆಬೇರೆ, ಆದ್ದರಿಂದ ಒಟ್ಟಿಗೆ ಸಿಕ್ಕಿಸಿದರೂ ತಕರಾರಿಲ್ಲ. ಡ್ರೈವ್ ಅಕ್ಷರಗಳನ್ನು ಮೊದಲಿದ್ದ ಹಾಗೇ ಕೊಟ್ಟೆ. ಪೇಜ್‌ಮೇಕರ್ ಫೈಲ್‌ಗಳು ಚಿತ್ರಗಳನ್ನು ಪೂರ್ತಿ ದಾರಿಯ ಸಮೇತ ನೆನಪಿಟ್ಟುಕೊಂಡಿರುತ್ತವೆ. ಇ ಹೋಗಿ ಎಫ್ ಆದರೆ ಕಾರ್ಡಿನ ಗಣಪತಿ ಎಲ್ಲಿದ್ದಾನೆ ಅಂತ ಪ್ರತಿ ಫೈಲಿಗೂ ಕೇಳುತ್ತದೆ. ವಿಂಡೋಸ್ ಆಕ್ಟಿವೇಷನ್ ಬಿಟ್ಟುಹೋಯಿತು. ಅದು ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಇದು ಮೊದಲೇ ಗೊತ್ತಿದ್ದ ಸಂಗತಿ. ಈ ಯಂತ್ರಕ್ಕೇ ಲೈಸೆನ್ಸ್ ಇದ್ದುದರಿಂದ ಅದನ್ನೇ ಬಳಸಿದೆ.

ಹೊಸ ಲ್ಯಾಪ್‌ಟಾಪ್‌ಗಳ ಡಿಸ್ಕ್ ತೆಗೆಯುವವರಿಗೆ ತೊಂದರೆ ಬೇರೆ ಥರ. ಅಲ್ಲಿ ಎಂಬಿಆರ್ ಗೋಳಿಲ್ಲ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಗೋಳಿದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಬೀಗ ತೆಗೆಯುವ ಟಿಪಿಎಂ ಭದ್ರತಾ ಚಿಪ್ ಉಳಿಯುವುದು ಹಳೆ ಬೋರ್ಡ್‌ನಲ್ಲಿ. ಬೇರೆ ಯಂತ್ರಕ್ಕೆ ಹಾಕಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ಅದೇ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ. ಎಲ್ಲೂ ಸಿಗದಿದ್ದರೆ ನಾವೂ ಏನೂ ಮಾಡಲಾಗುವುದಿಲ್ಲ.

ಹಳೆ ಯಂತ್ರ ಇನ್ನೂ ಬೂಟ್ ಆಗುತ್ತಿದ್ದರೆ ಡಿಸ್ಕ್ ಬಿಚ್ಚುವ ಮೊದಲು ಅಲ್ಲೇ ಬಿಟ್‌ಲಾಕರ್ ಆಫ್ ಮಾಡಿ, ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಆಫ್ ಆಗದೆ ಅರ್ಧ ನಿದ್ದೆಗೆ ಹೋಗುವ ಆಯ್ಕೆ) ತೆಗೆದು ಪೂರ್ತಿ ಶಟ್‌ಡೌನ್ ಮಾಡಿ. ಹೊಸ ಯಂತ್ರದ ಸಾಟಾ ಮೋಡ್ ಬೇರೆ ಇದ್ದರೆ ಸೇಫ್‌ಬೂಟ್ ಸಾಲನ್ನು ಅಲ್ಲೇ ಹಾಕಿ ತನ್ನಿ. ನೀಲಿ ತೆರೆ ನೋಡುವ ಪ್ರಸಂಗವೇ ಬರಲಿಕ್ಕಿಲ್ಲ.