ಹಳೆಯ ಪಿಕಪ್‌ನಲ್ಲಿ ಘಾಟಿ ಇಳಿಯುವವರು ಬ್ರೇಕ್ ಆಯಿಲ್ ನೋಡಿಕೊಳ್ಳಿ

ಕಾಫಿ ಮೂಟೆ ಹೇರಿಕೊಂಡು ಸಂಪಾಜೆ ಘಾಟಿ ಇಳಿಯುವಾಗ ನಮ್ಮ ಹದಿನಾರು ವರ್ಷದ ಪಿಕಪ್‌ನ ಬ್ರೇಕ್ ಪೆಡಲ್ ಸ್ಪಂಜಿನಂತೆ ಒಳಗಿಳಿಯಿತು. ಎರಡನೇ ಗೇರಿಗೆ ತಂದು, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯುತ್ತಾ ರಸ್ತೆ ಬದಿಯ ಮಣ್ಣಿನ ಬರೆಗೆ ಒರಗಿಸಿ ನಿಲ್ಲಿಸಿದೆ. ಚಕ್ರವನ್ನು ಉಜ್ಜಿ ನಿಲ್ಲಿಸುವ ಬ್ರೇಕ್ ಲೈನಿಂಗ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ನಾಲ್ಕು ವರ್ಷ ಬದಲಾಯಿಸದ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯುವುದಿಲ್ಲ. ನೀರು ಸೇರಿದ್ದು 140ರ ಆಸುಪಾಸಿನಲ್ಲೇ ಕುದಿದು ಆವಿಯ ಗುಳ್ಳೆ ಕಟ್ಟುತ್ತದೆ; ಆಮೇಲೆ ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಪೈಪಿನ ಗಾಳಿ ತೆಗೆಸಿ. ನ್ಯೂಟ್ರಲ್‌ನಲ್ಲಿ ಇಳಿಸಿ ಡೀಸೆಲ್ ಉಳಿಸುವ ಜಾಣತನ ಬೇಡವೇ ಬೇಡ, ಇಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಚಾಸಿಯ ಅಡಿಯ ಬ್ರೇಕ್ ಪೈಪಿಗೆ ಮೆತ್ತಿದ ತೋಟದ ಕೆಸರನ್ನೂ ತೊಳೆದು ನೋಡಿ, ತುಕ್ಕು ಅದರಡಿಯಲ್ಲೇ ಇರುತ್ತದೆ.