ಓಹೇರ್‌ನಿಂದ ಅರ್ಬಾನಾದ ರೂಮಿನವರೆಗೆ: ಪಿಎಚ್‌ಡಿಗೆ ಹೋದಾಗ ನಾನು ಓಡಾಡಿದ ರೀತಿ

ಅಮೆರಿಕಕ್ಕೆ ಓದಲು ಹೊರಡುವವರು ವಿಮಾನದ ಟಿಕೆಟ್ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಇಳಿದ ಮೇಲೆ ರೂಮಿಗೆ ಹೋಗಿ ಸೇರುವುದು ಹೇಗೆ ಅನ್ನುವುದನ್ನು ಕೊನೆಗೆ ಬಿಡುತ್ತಾರೆ. ನಾನು ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿಗೆ ಹೊರಟಾಗ ಇದನ್ನು ತಿರುಗಿಸಿ ಮಾಡಿದೆ. ರೂಮಿನ ಕೀ ಯಾವತ್ತು, ಎಷ್ಟು ಗಂಟೆಗೆ, ಯಾರ ಹತ್ತಿರ ಸಿಗುತ್ತದೆ ಅಂತ ಮೊದಲು ಕೇಳಿಕೊಂಡೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಸ್ಸು ಗೊತ್ತು ಮಾಡಿದೆ. ವಿಮಾನದ ಟಿಕೆಟ್ ತೆಗೆದದ್ದು ಕೊನೆಗೆ. ಹೊಸದಾಗಿ ಹೋಗುವವರಿಗೆ ನಾನು ಹೇಳಬೇಕಾದ ಮಾತು ಇದೊಂದೇ. ಉಳಿದದ್ದೆಲ್ಲ ಅದರ ವಿವರ.

ಮೊದಲು ಊರಿನ ಜಾಗ ತಿಳಿದುಕೊಳ್ಳಿ. ಅರ್ಬಾನಾ, ಶಾಂಪೇನ್ ಅಂದರೆ ಅಂಟಿಕೊಂಡಿರುವ ಎರಡು ಊರುಗಳು. ಷಿಕಾಗೋದಿಂದ ದಕ್ಷಿಣಕ್ಕೆ ಸುಮಾರು 135 ಮೈಲಿ, ಅಂದರೆ 220 ಕಿಲೋಮೀಟರ್ ಹತ್ತಿರ. ಪಕ್ಕದ ಸವೊಯ್‌ನಲ್ಲಿ ವಿಲ್ಲಾರ್ಡ್ ಅನ್ನುವ ಪುಟ್ಟ ವಿಮಾನ ನಿಲ್ದಾಣ ಇದೆ. ಅದು ವಿಶ್ವವಿದ್ಯಾಲಯದ್ದೇ. ಆದರೆ ಹೊರದೇಶದಿಂದ ನೇರವಾಗಿ ಅಲ್ಲಿಗೆ ವಿಮಾನ ಇಲ್ಲ. ಹಾಗಾಗಿ ಹೊರದೇಶದಿಂದ ಬರುವವರಲ್ಲಿ ಬಹಳ ಜನ ಇಳಿಯುವುದು ಷಿಕಾಗೋದ ಓಹೇರ್‌ನಲ್ಲಿ. ಅಲ್ಲಿಂದ ವಿಲ್ಲಾರ್ಡ್‌ಗೆ ಇನ್ನೊಂದು ಸಣ್ಣ ವಿಮಾನ ಹಿಡಿಯಬಹುದು. ನಾನು ಅದನ್ನು ಬೇಡ ಅಂದುಕೊಂಡೆ. ಅಮೆರಿಕದಲ್ಲಿ ಮೊದಲು ಇಳಿಯುವ ಜಾಗದಲ್ಲೇ ಇಮಿಗ್ರೇಶನ್ ಮುಗಿಸಿ, ಎಲ್ಲ ಲಗೇಜು ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಲಗೇಜು ಕೊಡಬೇಕು. ಟಿಕೆಟ್ ಕೊನೆಯವರೆಗೆ ಒಂದೇ ಇದ್ದರೂ ಸಾಮಾನ್ಯವಾಗಿ ಇದು ತಪ್ಪುವುದಿಲ್ಲ. ಇಮಿಗ್ರೇಶನ್ ಕ್ಯೂ ಎಷ್ಟು ಉದ್ದ ಇರುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಬಸ್ಸು ತಪ್ಪಿದರೆ ಮುಂದಿನ ಬಸ್ಸು ಇರುತ್ತದೆ. ಸಣ್ಣ ಊರಿಗೆ ಹೋಗುವ ಕೊನೆಯ ವಿಮಾನ ತಪ್ಪಿದರೆ ರಾತ್ರಿ ಅಲ್ಲೇ ಕಳೆಯಬೇಕು.

ಓಹೇರ್‌ನಿಂದ ಕ್ಯಾಂಪಸ್ಸಿಗೆ ಬರಲು ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಪಿಯೋರಿಯಾ ಚಾರ್ಟರ್ ಅನ್ನುವ ಖಾಸಗಿ ಕಂಪನಿಯ ಬಸ್ಸು. ಅದು ವಿಮಾನ ನಿಲ್ದಾಣದಿಂದ ಹೊರಟು, ಅಂತರರಾಜ್ಯ ಹೆದ್ದಾರಿ 57 ಹಿಡಿದು, ಸುಮಾರು ಮೂರು ತಾಸಿನಲ್ಲಿ ಕ್ಯಾಂಪಸ್ ತಲುಪುತ್ತದೆ. ಇನ್ನೊಂದು ರೈಲು. ಷಿಕಾಗೋ ಯೂನಿಯನ್ ಸ್ಟೇಶನ್ನಿನಿಂದ ಆಮ್‌ಟ್ರಾಕ್ ಅನ್ನುವ ಪ್ರಯಾಣಿಕ ರೈಲು ಸಂಸ್ಥೆಯ ರೈಲುಗಳು ಶಾಂಪೇನ್‌ಗೆ ಬರುತ್ತವೆ. ಬೆಳಗ್ಗೆ ಸಲೂಕಿ, ಮಧ್ಯಾಹ್ನ ಕಳೆದ ಮೇಲೆ ಇಲಿನಿ, ರಾತ್ರಿ ಸಿಟಿ ಆಫ್ ನ್ಯೂ ಆರ್ಲಿಯನ್ಸ್. ಆದರೆ ಯೂನಿಯನ್ ಸ್ಟೇಶನ್ ಇರುವುದು ಷಿಕಾಗೋ ನಗರದ ನಡುವೆ. ಓಹೇರ್‌ನಿಂದ ಬ್ಲೂ ಲೈನ್ ಮೆಟ್ರೋ ಹತ್ತಿ ಸುಮಾರು ಮುಕ್ಕಾಲು ಗಂಟೆ ಹೋಗಬೇಕು. ಕ್ಲಿಂಟನ್ ಸ್ಟೇಶನ್ನಿನಲ್ಲಿ ಇಳಿದು ಬೀದಿಯಲ್ಲಿ ನಡೆಯಬೇಕು. ಬ್ಲೂ ಲೈನ್ ಹಗಲು ರಾತ್ರಿ ಓಡುತ್ತದೆ, ಅಗ್ಗವೂ ಹೌದು. ಬರೀ ಬೆನ್ನಿನ ಬ್ಯಾಗು ಇದ್ದರೆ ನಾನು ಅದನ್ನೇ ಹತ್ತುತ್ತಿದ್ದೆ. ತಲಾ 23 ಕಿಲೋದ ಎರಡು ಸೂಟ್‌ಕೇಸು, ಮೇಲೆ ಒಂದು ಕೈಚೀಲ, ರಾತ್ರಿಯಿಡೀ ನಿದ್ದೆಯಿಲ್ಲದ ಮೈ. ಇಷ್ಟು ಇಟ್ಟುಕೊಂಡು ಗೊತ್ತಿಲ್ಲದ ಊರಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು ಬೇಡ ಅನ್ನಿಸಿತು. ಇನ್ನೂ ಒಂದು ವಿಷಯ. ಆ ರೈಲು ಓಡುವ ಹಳಿ ಕೆನೇಡಿಯನ್ ನ್ಯಾಶನಲ್ ಅನ್ನುವ ಸರಕು ಕಂಪನಿಯದು. ಸರಕು ರೈಲುಗಳ ನಡುವೆ ದಾರಿ ಮಾಡಿಕೊಂಡು ಬರಬೇಕಾದ್ದರಿಂದ ಹೊತ್ತು ಹೆಚ್ಚು ಕಡಿಮೆ ಆಗುವುದುಂಟು.

ಬಸ್ಸೇ ಅಂತ ತೀರ್ಮಾನ ಮಾಡಿದೆ. ಯಾವ ಬಸ್ಸು ಅನ್ನುವುದಕ್ಕೆ ಒಂದು ಲೆಕ್ಕ ಇಟ್ಟುಕೊಂಡೆ. ವಿಮಾನ ನೆಲ ಮುಟ್ಟುವ ಹೊತ್ತಿಗೆ ಮೂರು ಗಂಟೆ ಸೇರಿಸಿ, ಅದರ ನಂತರದ ಮೊದಲ ಬಸ್ಸಿಗೆ ಸೀಟು ತೆಗೆದೆ. ಮೂರು ಗಂಟೆ ಜಾಸ್ತಿ ಅನ್ನಿಸಬಹುದು. ಆಗಸ್ಟ್ ತಿಂಗಳು ವಿದ್ಯಾರ್ಥಿಗಳು ಗುಂಪುಗುಂಪಾಗಿ ಬಂದಿಳಿಯುವ ಕಾಲ. ಒಂದೇ ಹೊತ್ತಿಗೆ ಎರಡು ಮೂರು ದೊಡ್ಡ ವಿಮಾನ ಇಳಿದರೆ ಇಮಿಗ್ರೇಶನ್ ಹಾಲ್ ತುಂಬಿಹೋಗುತ್ತದೆ. ಬೇಗ ಹೊರಗೆ ಬಂದರೆ ಕೂತು ಕಾಯಬಹುದು. ಬಸ್ಸು ಹೋಗಿಬಿಟ್ಟರೆ ಅನ್ನುವ ಆತಂಕ ಹೊತ್ತು ಕ್ಯೂನಲ್ಲಿ ನಿಲ್ಲುವುದಕ್ಕಿಂತ ಅದೇ ವಾಸಿ.

ಕ್ಯೂನಲ್ಲಿ ನಿಲ್ಲುವಾಗ ಪಾಸ್‌ಪೋರ್ಟ್, ಐ-20 (ವಿದ್ಯಾರ್ಥಿ ವೀಸಾಕ್ಕೆ ವಿಶ್ವವಿದ್ಯಾಲಯ ಕೊಡುವ ಕಾಗದ), ಪ್ರವೇಶ ಪತ್ರ, ಹಣಕಾಸಿನ ಕಾಗದ ಕೈಚೀಲದಲ್ಲೇ ಇರಬೇಕು. ಲಗೇಜು ಸಿಗುವುದು ಇಮಿಗ್ರೇಶನ್ ಆದ ಮೇಲೆ. ಸೂಟ್‌ಕೇಸಿನಲ್ಲಿಟ್ಟ ಕಾಗದ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಧಿಕಾರಿ ಕೇಳಿದರೆ ಹೇಳಲು ಇಳಿದುಕೊಳ್ಳುವ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರು ಐ-20ಯಲ್ಲಿರುವ ಆರಂಭದ ದಿನಕ್ಕಿಂತ 30 ದಿನ ಮುಂಚೆ ಮಾತ್ರ ದೇಶದೊಳಗೆ ಬರಬಹುದು. ಅದಕ್ಕಿಂತ ಬೇಗ ಬಿಡುವುದಿಲ್ಲ. ಅಗ್ಗದ ಟಿಕೆಟ್ ಸಿಕ್ಕಿತು ಅಂತ ಜುಲೈ ಆರಂಭದಲ್ಲೇ ಹೊರಡಬೇಡಿ.

ಓಹೇರ್‌ನಲ್ಲಿ ಟರ್ಮಿನಲ್ 1, 2, 3 ಮತ್ತು 5 ಇವೆ. ನಾಲ್ಕು ಇಲ್ಲ. ಹೊರದೇಶದ ವಿಮಾನಗಳು ಸಾಮಾನ್ಯವಾಗಿ 5ರಲ್ಲಿ ಇಳಿಯುತ್ತವೆ. ಟರ್ಮಿನಲ್‌ಗಳ ನಡುವೆ ಡ್ರೈವರ್ ಇಲ್ಲದ ಪುಟ್ಟ ರೈಲು ಓಡುತ್ತದೆ, ಅದಕ್ಕೆ ದುಡ್ಡಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮಾತ್ರ ಟಿಕೆಟ್ಟಿನಲ್ಲಿ ಓದಿ, ಹೊರಡುವ ಮುಂಚೆಯೇ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ಬಾಗಿಲಿನ ಹೊರಗೆ ಹೋಟೆಲ್ ವ್ಯಾನು, ಬಾಡಿಗೆ ಕಾರಿನ ಬಸ್ಸು, ಟ್ಯಾಕ್ಸಿ ಎಲ್ಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತವೆ. ದಣಿದ ತಲೆಯಲ್ಲಿ ಆ ಬೋರ್ಡುಗಳನ್ನು ಓದುವುದು ಸುಲಭ ಅಲ್ಲ. ಟಿಕೆಟ್, ವಿಳಾಸ, ನಕ್ಷೆ ಮೂರನ್ನೂ ನಾನು ಪ್ರಿಂಟ್ ತೆಗೆಸಿಕೊಂಡಿದ್ದೆ. ನಿಲ್ದಾಣದ ವೈಫೈ ಉಚಿತ. ಬಾಗಿಲು ದಾಟಿ ಫುಟ್‌ಪಾತಿಗೆ ಬಂದ ಮೇಲೆ ನಂಬಿಕೆಗೆ ಬರುವುದು ಕಾಗದ. ಚಾರ್ಜ್ ಇಲ್ಲದ ಫೋನ್ ಹಿಡಿದು ಪರದಾಡುತ್ತಿದ್ದ ಒಬ್ಬ ಹುಡುಗನಿಗೆ ಆ ನಕ್ಷೆಯೇ ದಾರಿ ತೋರಿಸಿತು.

ಕ್ಯಾಂಪಸ್ ತಲುಪಿದಾಗ ಸಂಜೆ ಆಗಿತ್ತು. ಅಲ್ಲಿಯ ಬಾಡಿಗೆ ಮನೆಗಳ ಲೀಸ್, ಅಂದರೆ ಬಾಡಿಗೆ ಕರಾರು, ಸಾಮಾನ್ಯವಾಗಿ ಆಗಸ್ಟ್ ನಡುವಿನಲ್ಲಿ ಶುರುವಾಗುತ್ತದೆ. ಹಿಂದಿನವರು ಖಾಲಿ ಮಾಡುವುದಕ್ಕೂ ಹೊಸಬರು ಬರುವುದಕ್ಕೂ ನಡುವೆ ಕೆಲವು ದಿನ ಮನೆ ತೊಳೆದು ಬಣ್ಣ ಬಳಿಯುತ್ತಾರೆ. ಆಗ ಕೀ ಕೊಡಿ ಅಂದರೆ ಕೊಡುವುದಿಲ್ಲ. ಕೀ ಕೊಡುವ ಆಫೀಸು ಸಂಜೆ ಮುಚ್ಚುತ್ತದೆ ಅನ್ನುವುದೂ ನನಗೆ ಗೊತ್ತಿತ್ತು. ಅದಕ್ಕೇ ಮೊದಲ ರಾತ್ರಿಗೆ ಇಲಿನಿ ಯೂನಿಯನ್ ಕಟ್ಟಡದ ಮೇಲಿನ ಅತಿಥಿ ಕೋಣೆ ಬುಕ್ ಮಾಡಿದ್ದೆ. ಕ್ಯಾಂಪಸ್ಸಿನ ನಡುಮಧ್ಯ ಇರುವ ಕಟ್ಟಡ ಅದು. ಸ್ನಾನ ಮಾಡಿ ಮಲಗಿದೆ. ಬೆಳಗ್ಗೆ ಎದ್ದು, ಭಾರದ ಲಗೇಜು ಕೋಣೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಹೋಗಿ ಕೀ ತಂದೆ. ಆ ಒಂದು ರಾತ್ರಿಯ ಖರ್ಚನ್ನು ನಾನು ಯಾವತ್ತೂ ದಂಡ ಅಂದುಕೊಂಡಿಲ್ಲ. ಕೈ ಬಿಗಿ ಇದ್ದರೆ ನಿಮ್ಮ ವಿಭಾಗದ ಹಿರಿಯ ವಿದ್ಯಾರ್ಥಿಯನ್ನು ಮುಂಚೆಯೇ ಕೇಳಿ. ಒಂದು ರಾತ್ರಿಗೆ ಜಾಗ ಕೊಡುವವರು ಇದ್ದೇ ಇರುತ್ತಾರೆ.

ವಿಳಾಸದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಇಲ್ಲಿ ಹೊಸಬರು ದಾರಿ ತಪ್ಪುವುದು ಇದರಲ್ಲೇ. ಎರಡೂ ಊರಿನ ನಡುವಿನ ಗಡಿ ರೈಟ್ ಸ್ಟ್ರೀಟ್. ಪಶ್ಚಿಮಕ್ಕೆ ಶಾಂಪೇನ್, ಪೂರ್ವಕ್ಕೆ ಅರ್ಬಾನಾ. ಗ್ರೀನ್ ಸ್ಟ್ರೀಟ್ ಎರಡನ್ನೂ ದಾಟಿ ಉದ್ದಕ್ಕೆ ಹೋಗುತ್ತದೆ. ಆದರೆ ಒಂದೊಂದು ಊರೂ ತನ್ನ ನಡುವಿನಿಂದ ಮನೆ ನಂಬರ್ ಎಣಿಸುತ್ತದೆ. ಹಾಗಾಗಿ ಶಾಂಪೇನ್ ಕಡೆ ಕ್ಯಾಂಪಸ್ಸಿನ ಹತ್ತಿರ ಇರುವುದು ಈಸ್ಟ್ ಗ್ರೀನ್. ರೈಟ್ ಸ್ಟ್ರೀಟ್ ದಾಟಿದ ತಕ್ಷಣ ಅದೇ ರಸ್ತೆ ಅರ್ಬಾನಾದ ವೆಸ್ಟ್ ಗ್ರೀನ್ ಆಗುತ್ತದೆ. ಪೂರ್ವಕ್ಕೆ ನಡೆಯುತ್ತಾ ಹೋದರೆ ಈಸ್ಟ್ ಮುಗಿದು ವೆಸ್ಟ್ ಸಿಗುತ್ತದೆ! ಇಲಿನಿ ಯೂನಿಯನ್ನಿನ ವಿಳಾಸ 1401 ವೆಸ್ಟ್ ಗ್ರೀನ್, ಅರ್ಬಾನಾ. ವೆಸ್ಟ್ ಬದಲು ಈಸ್ಟ್ ಅಂತ ಬರೆದರೆ, ಅಥವಾ ಊರಿನ ಹೆಸರು ತಪ್ಪಿದರೆ, ಟ್ಯಾಕ್ಸಿ ಮೈಲಿಗಟ್ಟಲೆ ಆಚೆ ಇಳಿಸುತ್ತದೆ. ಮನೆ ನೋಡುವಾಗಲೂ ದಿಕ್ಕು, ಊರು ಎರಡನ್ನೂ ಸೇರಿಸಿಯೇ ವಿಳಾಸ ಬರೆದುಕೊಳ್ಳಿ.

ಊರೊಳಗೆ ಓಡಾಡಲು ಬಸ್ಸೇ ಜೀವ. ಶಾಂಪೇನ್-ಅರ್ಬಾನಾ ಮಾಸ್ ಟ್ರಾನ್ಸಿಟ್ ಡಿಸ್ಟ್ರಿಕ್ಟ್ ಅನ್ನುವ ಸಂಸ್ಥೆ ಇದನ್ನು ನಡೆಸುತ್ತದೆ. ಎಲ್ಲರೂ ಎಂಟಿಡಿ ಅನ್ನುತ್ತಾರೆ. 1971ರಿಂದ ಬಸ್ಸು ಓಡಿಸುತ್ತಿದ್ದಾರೆ. ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಒಳ್ಳೆಯ ಬಸ್ ವ್ಯವಸ್ಥೆ ಅಮೆರಿಕದಲ್ಲಿ ಅಪರೂಪ. ಹೈಡ್ರೋಜನ್ನಿನಿಂದ ಓಡುವ ಉದ್ದನೆಯ ಬಸ್ಸುಗಳೂ ಇವರ ಹತ್ತಿರ ಇವೆ. ಆ ಹೈಡ್ರೋಜನ್ನನ್ನು ತಮ್ಮ ಡಿಪೋದಲ್ಲೇ ಸೌರ ವಿದ್ಯುತ್ತಿನಿಂದ ತಯಾರಿಸುತ್ತಾರೆ. ವಿದ್ಯಾರ್ಥಿಗಳ ಸೆಮಿಸ್ಟರ್ ಶುಲ್ಕದಲ್ಲೇ ಬಸ್ಸಿನ ಶುಲ್ಕ ಸೇರಿರುತ್ತದೆ. ಆಮೇಲೆ ವಿಶ್ವವಿದ್ಯಾಲಯದ ಗುರುತಿನ ಚೀಟಿ, ಅಂದರೆ ಐ-ಕಾರ್ಡ್ ತೋರಿಸಿದರೆ ಸಾಕು. ಅದಕ್ಕೇ ಕೀ ತಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಐ-ಕಾರ್ಡ್ ಮಾಡಿಸಿಕೊಂಡದ್ದು. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಕೆಲಸ, ಬ್ಯಾಂಕು, ಫೋನು ಎಲ್ಲ ಆಮೇಲೆ. ಕಾರ್ಡ್ ಕೈಗೆ ಬಂದರೆ ಉಳಿದ ಕಡೆಗೆಲ್ಲ ಬಸ್ಸಿನಲ್ಲೇ ಹೋಗಬಹುದು ಅಲ್ವಾ? ಕಾರ್ಡ್ ಬರುವವರೆಗೂ ಚಿಂತೆ ಬೇಡ. ಕ್ಯಾಂಪಸ್ಸಿನ ಸುತ್ತಮುತ್ತ ಐಸ್ಟಾಪ್ ಅಂತ ಗುರುತು ಮಾಡಿದ ಸ್ಟಾಪುಗಳಿವೆ. ಅಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಬಸ್ಸು ಹತ್ತಬಹುದು.

ಬಸ್ಸುಗಳಿಗೆ ನಂಬರಿನ ಜೊತೆ ಹೆಸರೂ ಇದೆ. 5 ಗ್ರೀನ್, 1 ಯೆಲ್ಲೋ, 12 ಟೀಲ್, 22 ಇಲಿನಿ, ಹೀಗೆ. ಇದರ ಒಳಗುಟ್ಟು ಸೊನ್ನೆಯಲ್ಲಿದೆ. ವಾರದ ದಿನಗಳ ಹಗಲಿನಲ್ಲಿ 22 ಆಗಿರುವ ಬಸ್ಸು ಸಂಜೆ ಮತ್ತು ವಾರಾಂತ್ಯಕ್ಕೆ 220 ಆಗುತ್ತದೆ. 5 ಗ್ರೀನ್ ಹೋಗಿ 50 ಗ್ರೀನ್ ಬರುತ್ತದೆ. ಹೆಸರು ಅದೇ ಆದರೂ ದಾರಿ, ಹೊತ್ತು ಎರಡೂ ಅದೇ ಇರಬೇಕು ಅಂತಿಲ್ಲ. ಬೆಳಗ್ಗೆ ಲ್ಯಾಬಿಗೆ ಕರೆತಂದ ಬಸ್ಸೇ ರಾತ್ರಿ ಮನೆಗೆ ಕರೆದುಕೊಂಡು ಹೋಗುತ್ತದೆ ಅಂತ ಸುಮ್ನೆ ಕಾಯುತ್ತಾ ನಿಂತವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸ್ಟಾಪಿನ ಹೆಸರಿನ ಜೊತೆ ಮೂಲೆಯ ಗುರುತೂ ಇರುತ್ತದೆ. ಈಶಾನ್ಯ ಮೂಲೆ, ಆಗ್ನೇಯ ಮೂಲೆ ಅಂತ. ಅದನ್ನು ನೋಡದಿದ್ದರೆ ರಸ್ತೆಯ ಆಚೆ ಬದಿಯಲ್ಲಿ ನಿಂತಿರುತ್ತೀರಿ, ನಿಮ್ಮ ಬಸ್ಸು ಈಚೆ ಬದಿಯಿಂದ ಹೋಗುತ್ತದೆ. ವಾಹನಗಳು ಬಲಗಡೆ ಓಡುವ ದೇಶ ಅನ್ನುವುದು ಮೈಗೆ ರೂಢಿಯಾಗುವವರೆಗೆ ಈ ಗೊಂದಲ ಇದ್ದೇ ಇರುತ್ತದೆ. ರಸ್ತೆ ದಾಟುವಾಗಲೂ ಮೊದಲು ಎಡಕ್ಕೆ ನೋಡಬೇಕು. ಇದನ್ನು ನಾನು ಕೆಲವು ದಿನ ಬಾಯಲ್ಲಿ ಹೇಳಿಕೊಂಡೇ ದಾಟುತ್ತಿದ್ದೆ.

ಆಗಸ್ಟ್‌ನಲ್ಲಿ ಬೇಗ ಬರುವವರು ಇನ್ನೊಂದು ವಿಷಯ ಗಮನಿಸಬೇಕು. ಬೇಸಿಗೆ ತರಗತಿ ಮುಗಿದು ಹೊಸ ಸೆಮಿಸ್ಟರ್ ಶುರುವಾಗುವವರೆಗೆ ಕ್ಯಾಂಪಸ್ಸಿನ ಬಸ್ಸುಗಳು ಕಡಿಮೆ ಇರುತ್ತವೆ. ಚಳಿಗಾಲದ ರಜೆಯಲ್ಲೂ ಅಷ್ಟೇ. ಹಾಸಿಗೆ, ಪಾತ್ರೆ, ದಿನಸಿ ಕೊಳ್ಳುವ ದೊಡ್ಡ ಅಂಗಡಿಗಳು ಬಹಳಷ್ಟು ಇರುವುದು ಊರಿನ ಉತ್ತರಕ್ಕೆ, ನಾರ್ತ್ ಪ್ರಾಸ್ಪೆಕ್ಟ್ ಅವೆನ್ಯೂ ಕಡೆ. ಅಲ್ಲಿಗೆ ಹೋಗುವ ಮುಂಚೆ ವಾಪಸು ಬರುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ನೋಡಿಕೊಂಡೇ ನಾನು ಹೊರಡುತ್ತಿದ್ದೆ. ಹಾಸಿಗೆಯಂಥ ದೊಡ್ಡ ಸಾಮಾನಿಗೆ ಮಾತ್ರ ರೂಮ್‌ಮೇಟ್ ಜೊತೆ ಸೇರಿ ಟ್ಯಾಕ್ಸಿ ಮಾಡಿದೆ. ಒಂದು ದಿನಕ್ಕೆ ಕಾರು ಬಾಡಿಗೆಗೆ ತೆಗೆಯೋಣ ಅನ್ನುವವರು 25 ವರ್ಷ ತುಂಬದವರಿಂದ ಬಾಡಿಗೆ ಕಂಪನಿಗಳು ಹೆಚ್ಚುವರಿ ದುಡ್ಡು ತೆಗೆದುಕೊಳ್ಳುತ್ತವೆ ಅನ್ನುವುದನ್ನು ಲೆಕ್ಕದಲ್ಲಿಡಿ.

ರಾತ್ರಿ ಲ್ಯಾಬಿನಿಂದ ತಡವಾಗಿ ಹೊರಡುವವರಿಗೆ ಸೇಫ್‌ರೈಡ್ಸ್ ಅನ್ನುವ ಸೇವೆ ಇದೆ. ಎಂಟಿಡಿಯವರೇ ನಡೆಸುತ್ತಾರೆ. ಹತ್ತಿರದಲ್ಲಿ ಬಸ್ಸು ಇಲ್ಲದ ಹೊತ್ತಿನಲ್ಲಿ ಒಬ್ಬೊಬ್ಬರೇ ನಡೆಯಬೇಕಾದವರನ್ನು ವ್ಯಾನಿನಲ್ಲಿ ಬಿಡುತ್ತಾರೆ. ಇದನ್ನು ಕೇಳಲು ಸಂಕೋಚ ಪಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅದು ಇರುವುದೇ ನಿಮಗಾಗಿ.

ಸೈಕಲ್ ಕೂಡ ಒಳ್ಳೆಯದೇ. ಊರು ಪೂರ್ತಿ ಸಮತಟ್ಟು, ಏರು ಅನ್ನುವುದೇ ಇಲ್ಲ. ಕ್ಯಾಂಪಸ್ಸಿನಲ್ಲಿ ಸೈಕಲ್ಲಿಗೆ ಬೇರೆ ದಾರಿ ಇದೆ. ಸೈಕಲ್ಲನ್ನು ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಬೇಕು. ಎಂಟಿಡಿ ಬಸ್ಸಿನ ಮುಂದೆ ಸೈಕಲ್ ಇಡುವ ಸ್ಟ್ಯಾಂಡ್ ಇರುವುದರಿಂದ ಅರ್ಧ ದಾರಿ ತುಳಿದು ಅರ್ಧ ದಾರಿ ಬಸ್ಸಿನಲ್ಲಿ ಬರಬಹುದು. ನವೆಂಬರ್ ದಾಟಿದ ಮೇಲೆ ನಾನು ಸೈಕಲ್ ಒಳಗಿಟ್ಟೆ. ಜನವರಿಯಲ್ಲಿ ಕೆಲವು ದಿನ ಚಳಿ ಸೊನ್ನೆಗಿಂತ 18 ಡಿಗ್ರಿ ಕೆಳಗೂ ಇಳಿಯುತ್ತದೆ. ಬಯಲು ಸೀಮೆಯಾದ್ದರಿಂದ ಗಾಳಿಗೆ ತಡೆಯೇ ಇಲ್ಲ. ಆಗ ಬಸ್ಸಿಗೆ ಕಾಯುವ ಹತ್ತು ನಿಮಿಷವೂ ದೊಡ್ಡದೇ. ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಅಂತ ಫೋನಿನಲ್ಲಿ ನೋಡಿಕೊಂಡು, ಕೊನೆಯ ಗಳಿಗೆಗೆ ಹೊರಗೆ ಕಾಲಿಡುವುದನ್ನು ಅಲ್ಲಿ ಎಲ್ಲರೂ ಕಲಿಯುತ್ತಾರೆ.

ಎರಡನೇ ವರ್ಷಕ್ಕೆ ಮನೆ ಹುಡುಕುವಾಗ ಈ ಚಳಿಯನ್ನೇ ಮೊದಲು ನೆನೆಸಿಕೊಂಡೆ. ಅಲ್ಲಿ ಮುಂದಿನ ಆಗಸ್ಟಿನ ಮನೆಗಳಿಗೆ ಹಿಂದಿನ ಶರತ್ಕಾಲದಲ್ಲೇ ಲೀಸ್ ಬರೆಯಲು ಶುರು ಮಾಡುತ್ತಾರೆ. ಕಡಿಮೆ ಬಾಡಿಗೆಯ ಮನೆ ದೂರದಲ್ಲಿ ಸಿಗುತ್ತದೆ. ಅಂಥದ್ದನ್ನು ನೋಡಲು ನಾನು ಬೇಕಂತಲೇ ಭಾನುವಾರ ಸಂಜೆ, ಬಸ್ಸಿನಲ್ಲೇ ಹೋದೆ. ಹಗಲಿನಲ್ಲಿ ಮನೆ ಮುಂದೆಯೇ ನಿಲ್ಲುವ ಬಸ್ಸು ಆ ಹೊತ್ತಿನಲ್ಲಿ ಕೆಲವು ರಸ್ತೆಗಳಿಗೆ ಬರುವುದೇ ಇಲ್ಲ. ಕೊನೆಗೆ 50 ಗ್ರೀನ್ ಓಡುವ ರಸ್ತೆಗೆ ಹತ್ತಿರ ಇರುವ, ಬಾಡಿಗೆ ಸ್ವಲ್ಪ ಜಾಸ್ತಿಯಾದ ಮನೆಗೆ ಸಹಿ ಹಾಕಿದೆ. ಪಿಎಚ್‌ಡಿ ಮುಗಿಯುವವರೆಗೂ ಕಾರು ಕೊಳ್ಳಲಿಲ್ಲ.