ದೇವರ ರಾಜ್ಯದ ಪ್ರವಾದನೆಗಳನ್ನ ನಿರೀಕ್ಷೆಯಿಂದ ಓದೋದು ಹೇಗೆ?

ಪ್ರವಾದನೆ, ಅಂದ್ರೆ ದೇವರು ಪ್ರವಾದಿಗಳ ಮೂಲಕ ಹೇಳಿಸಿದ ಮಾತು, ಅಂದ ತಕ್ಷಣ ನಮ್ಮಲ್ಲಿ ಎಷ್ಟೋ ಜನ ಸೀದಾ ಬೈಬಲ್‌ನ ಕೊನೇ ಪುಸ್ತಕ ಪ್ರಕಟನೆಯ 13ನೇ ಅಧ್ಯಾಯಕ್ಕೆ ಹೋಗ್ತಾರೆ, ಮೃಗ ಯಾರು, 666 ಅಂದ್ರೇನು, ಯಾವ ದೇಶದ ಯುದ್ಧ ಯಾವ ವಚನದಲ್ಲಿದೆ ಅಂತ, ಮಧ್ಯರಾತ್ರಿವರೆಗೂ ಯೂಟ್ಯೂಬ್ ನೋಡಿ ಹೆದರ್ಕೊಂಡು ಮಲಗ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡ್ಬೇಡಿ. ಮುಂದೆ ಬರೋ ದೇವರ ರಾಜ್ಯದ, ಅಂದ್ರೆ ದೇವರೇ ಆಳೋ ಕಾಲದ, ವಾಗ್ದಾನಗಳನ್ನ ಮೊದಲು ಕೇಳಿಸ್ಕೊಂಡವರು ಹೆಚ್ಚಾಗಿ ಮನೆ, ಊರು, ದೇವಾಲಯ ಎಲ್ಲಾ ಕಳ್ಕೊಂಡ ಜನ. ಅದಕ್ಕೆ ಓದುವಾಗ ಒಂದು ಪ್ರಶ್ನೆ ಇಟ್ಕೊಳ್ಳಿ ಸಾಕು: ಇವರು ಏನು ಕಳ್ಕೊಂಡಿದ್ರು, ದೇವರು ಏನನ್ನ ವಾಪಸ್ ಕೊಡ್ತೀನಿ ಅಂತಿದ್ದಾರೆ?

ಒಂದು ಉದಾಹರಣೆ ಮಾಡೇ ನೋಡಿ. ಸತ್ಯವೇದದಲ್ಲಿ ಎರಡು ಕಡೆ ಬೆರಳಿಟ್ಕೊಳ್ಳಿ, ಪ್ರಲಾಪಗಳು 2 ಮತ್ತೆ ಜೆಕರ್ಯ 8. ಕ್ರಿ.ಪೂ. 586ರ ಹೊತ್ತಿಗೆ ಬಾಬೆಲಿನವರು ಯೆರೂಸಲೇಮನ್ನ ಸುಟ್ಟು ಹಾಕಿದ್ರು. ಪ್ರಲಾಪಗಳಲ್ಲಿ ಆ ಊರಿನ ಬೀದಿ ಕಾಣಿಸುತ್ತೆ, ಕೂಸುಗಳು ಹಸಿವಿನಿಂದ ಬೀದಿಲೇ ಸೊರಗಿ ಬೀಳ್ತಿವೆ, ಅಮ್ಮನ್ನ ಊಟ ಎಲ್ಲಿ ಅಂತ ಕೇಳ್ತಾ ಅವಳ ಮಡಿಲಲ್ಲೇ ಪ್ರಾಣ ಬಿಡ್ತಿವೆ, ಮುದುಕರೂ ಹುಡುಗರೂ ಧೂಳಲ್ಲಿ ಬಿದ್ದಿದ್ದಾರೆ. ಈಗ ಜೆಕರ್ಯ 8ರ 4, 5ನೇ ವಚನ ಓದಿ. ಸುಮಾರು ಕ್ರಿ.ಪೂ. 518, ಬಾಬೆಲಿನ ಸೆರೆಯಿಂದ ವಾಪಸ್ ಬಂದವರು ಹಾಳೂರಲ್ಲಿ ದೇವಾಲಯ ಕಟ್ತಾ ಇದ್ದಾರೆ, ಆಗ ಬಂದ ಮಾತು ಇದು: ಯೆರೂಸಲೇಮಿನ ಬೀದಿಗಳಲ್ಲಿ ಮತ್ತೆ ಅಜ್ಜ ಅಜ್ಜಿಯರು ಕೈಯಲ್ಲಿ ಕೋಲು ಹಿಡ್ಕೊಂಡು ಕೂತಿರ್ತಾರೆ, ಹುಡುಗ ಹುಡುಗಿಯರು ಆಟ ಆಡ್ತಾ ಬೀದಿ ತುಂಬಿರ್ತಾರೆ. ಸಿಂಹಾಸನ ಇಲ್ಲ, ಸೈನ್ಯ ಇಲ್ಲ. ಅದೇ ಬೀದಿ, ಅದೇ ಮುದುಕರು, ಅದೇ ಮಕ್ಕಳು, ಆದ್ರೆ ಈಗ ಜೀವಂತವಾಗಿ! ಇವೆರಡನ್ನ ಜೊತೆಗಿಟ್ಟು ಓದಿದ್ರೆ ದೇವರ ರಾಜ್ಯ ಅಂದ್ರೇನು ಅಂತ ಒಂದು ಇಡೀ ಪ್ರಸಂಗಕ್ಕಿಂತ ಚೆನ್ನಾಗಿ ಅರ್ಥ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಇದೇ ಥರ ಧರ್ಮೋಪದೇಶಕಾಂಡ 28:30 ಓದಿ ಆಮೇಲೆ ಯೆಶಾಯ 65:21, 22 ಓದಿ. ಒಂದರಲ್ಲಿ ಮನೆ ಕಟ್ಟಿದವನಿಗೆ ಅದರಲ್ಲಿ ವಾಸ ಮಾಡೋ ಭಾಗ್ಯ ಇಲ್ಲ, ಇನ್ನೊಂದರಲ್ಲಿ ಕಟ್ಟಿದವನೇ ಇರ್ತಾನೆ, ನೆಟ್ಟವನೇ ತಿಂತಾನೆ. ನೋಟ್‌ಬುಕ್ಕಲ್ಲಿ ಎಡಗಡೆ ಕಳ್ಕೊಂಡಿದ್ದು, ಬಲಗಡೆ ವಾಗ್ದಾನ ಅಂತ ಬರ್ಕೊಳ್ತಾ ಹೋಗಿ, ವಾರಕ್ಕೆ ಒಂದು ಜೋಡಿ ಆದ್ರೂ ಸಾಕು, ಆತುರ ಬೇಡ.

ಇದಾದ ಮೇಲೆ ಲೂಕ 4ಕ್ಕೆ ಬನ್ನಿ. ನಜರೇತಿನ ಸಭಾಮಂದಿರದಲ್ಲಿ ಯೇಸು ಸ್ವಾಮಿ ಯೆಶಾಯ 61 ಓದ್ತಾರೆ, ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕರ್ತನ ಮೆಚ್ಚಿಗೆಯ ವರ್ಷ, ಅಲ್ಲಿಗೆ ಸುರುಳಿ ಸುತ್ತಿಬಿಡ್ತಾರೆ. ಯೆಶಾಯದಲ್ಲಿ ಆ ವಾಕ್ಯ ಇನ್ನೂ ಮುಂದುವರಿಯುತ್ತೆ, ಮುಯ್ಯಿ ತೀರಿಸೋ ದಿನದ ಮಾತು ಬರುತ್ತೆ, ಅದನ್ನ ಅವರು ಓದಲೇ ಇಲ್ಲ. ಓದಿದಷ್ಟು ಇವತ್ತೇ ನೆರವೇರಿತು ಅಂದ್ರು. ರಾಜ್ಯ ಯೇಸುವಿನಲ್ಲಿ ಶುರು ಆಗಿದೆ, ಪೂರ್ತಿ ಆಗೋದು ಅವರ ಎರಡನೇ ಬರೋಣದಲ್ಲಿ, ಅಂದ್ರೆ ಅವರು ಮತ್ತೆ ಬರುವಾಗ. ಪ್ರತಿ ಪ್ರವಾದನೆ ಓದುವಾಗ್ಲೂ ಇದರಲ್ಲಿ ಶುರು ಆಗಿರೋದು ಎಷ್ಟು, ಬಾಕಿ ಎಷ್ಟು ಅಂತ ಕೇಳ್ಕೊಳ್ಳಿ.

ಆ ಬರೋಣದ ತಾರೀಕು ಲೆಕ್ಕ ಮಾತ್ರ ಹಾಕಲೇಬೇಡಿ. ಅಮೆರಿಕಾದಲ್ಲಿ ವಿಲಿಯಂ ಮಿಲ್ಲರ್ ಅನ್ನೋ ಬೋಧಕನ ಮಾತು ನಂಬಿದ ಸಾವಿರಾರು ಜನ ದಾನಿಯೇಲ 8:14ರ 2300 ದಿನಗಳನ್ನ ವರ್ಷಗಳಾಗಿ ಲೆಕ್ಕ ಹಾಕಿ, 1844ರ ಅಕ್ಟೋಬರ್ 22ಕ್ಕೆ ಕರ್ತನು ಬರ್ತಾನೆ ಅಂತ ಕಾದ್ರು, ಆ ದಿನ ಕಳೀತು, ಎಷ್ಟೋ ಜನರ ನಂಬಿಕೆ ಮುರಿದುಹೋಯ್ತು. ಆ ದಿನ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ಮಾರ್ಕ 13:32ರಲ್ಲಿ ಸ್ವಾಮಿಯೇ ಹೇಳಿರುವಾಗ ನಮಗ್ಯಾಕೆ ಆ ಕೆಲಸ? ಪ್ರಕಟನೆ 20ರಲ್ಲಿರೋ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಬಗ್ಗೆನೂ ಸಭೆಗಳಲ್ಲಿ ಬೇರೆ ಬೇರೆ ತಿಳುವಳಿಕೆ ಇದೆ, ನಿಮ್ಮ ಪಾಸ್ಟರ್ ಹತ್ರ ಕೇಳಿ, ಅದಕ್ಕೋಸ್ಕರ ಜಗಳ ಮಾತ್ರ ಬೇಡ.

ಓದಿದ್ದು ಬದುಕಿಗೆ ಬರಬೇಕಲ್ವಾ, ಅದಕ್ಕೆ ಪ್ರವಾದಿ ಮೀಕನ ಪುಸ್ತಕ ಒಳ್ಳೇದು. 4ನೇ ಅಧ್ಯಾಯದಲ್ಲಿ ಕತ್ತಿಗಳು ನೇಗಿಲ ಗುಳಗಳಾಗ್ತವೆ, ಪ್ರತಿಯೊಬ್ಬರೂ ತಮ್ಮ ದ್ರಾಕ್ಷಿಬಳ್ಳಿ, ಅಂಜೂರದ ಗಿಡದ ಕೆಳಗೆ ಕೂರ್ತಾರೆ, ಯಾರೂ ಹೆದರಿಸಲ್ಲ. ಅದೇ ಮೀಕ 2:2ರಲ್ಲಿ ಬೇರೆಯವರ ಹೊಲ ಮನೆ ಕಿತ್ಕೊಳ್ಳೋರನ್ನ ಬೈತಾನೆ. ಹಾಗಾಗಿ ಪಕ್ಕದವರ ಜಮೀನು ಒತ್ತುವರಿ ಮಾಡ್ಕೊಂಡು ಈ ವಾಗ್ದಾನಕ್ಕೆ ಆಮೆನ್ ಅನ್ನೋಕಾಗಲ್ಲ, ಮೊದಲು ಬೇಲಿ ಹಿಂದಕ್ಕೆ ಹಾಕಿ. ಕೂಲಿ ಬಾಕಿ ಇದ್ರೆ ಕೊಟ್ಬಿಡಿ. "ನಿನ್ನ ರಾಜ್ಯವು ಬರಲಿ" ಅಂತ ಪ್ರಾರ್ಥನೆ ಮಾಡುವಾಗ ಆ ವಾರ ಬರೆದ ಜೋಡಿಯನ್ನ ಹೆಸರು ಹಿಡಿದು ಕೇಳಿ, ಹಸಿದಿರೋ ಮಕ್ಕಳು, ಒಂಟಿಯಾಗಿರೋ ಅಜ್ಜಿ, ಯಾರು ನೆನಪಾಗ್ತಾರೋ ಅವರು.

ಸಾವಿನ ಮನೆಗೆ ಹೋದಾಗ ಪ್ರಕಟನೆ 21ರ 1ರಿಂದ 5 ಓದಿ. ಅಲ್ಲಿ ಪರಿಶುದ್ಧ ನಗರ ಪರಲೋಕದಿಂದ ಕೆಳಗಿಳಿದು ಬರುತ್ತೆ, ದೇವರು ಮನುಷ್ಯರ ಜೊತೆ ವಾಸಕ್ಕೆ ಬರ್ತಾರೆ, ಕಣ್ಣೀರನ್ನೆಲ್ಲಾ ತಾವೇ ಒರೆಸ್ತಾರೆ, ಮರಣ ಇನ್ನಿರಲ್ಲ. ನಿಧಾನವಾಗಿ ಓದಿ, ವಿವರಣೆ ಕೊಡೋಕೆ ಹೋಗ್ಬೇಡಿ, ಅಳೋರು ಅಳಲಿ, ಅವರಾಗೇ ಮಾತಾಡೋವರೆಗೂ ಪಕ್ಕದಲ್ಲಿ ಕೂತಿರಿ.